ಹುಡುಗಿ ಕುಂಕುಮ

ಸುಮಾರು ಹತ್ತು ವರ್ಷ ನನ್ನ ಮುಖ ಕುಂಕುಮದ ಪೊಟ್ಟಣದ ಮೇಲಿತ್ತು. ಶಿವಮೊಗ್ಗದ ಪೇಟೆಯಲ್ಲಿ, ಭದ್ರಾವತಿಯ ಸಂತೆಯಲ್ಲಿ, ಹೊಳೆಹೊನ್ನೂರಿನ ಅಂಗಡಿಗಳಲ್ಲಿ ಅದು ಸಿಗುತ್ತಿತ್ತು. ರೈಲು ಹತ್ತಿ ಹುಬ್ಬಳ್ಳಿಯವರೆಗೂ ಹೋಗುತ್ತಿತ್ತು. ಅಷ್ಟು ದೂರ ನಾನು ಎಂದೂ ಹೋದವಳಲ್ಲ.

ನಮ್ಮದು ಶಿವಮೊಗ್ಗದ ಪೇಟೆಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ. ಅಪ್ಪ ಕುಂಕುಮ ಮಾಡಿಸಿ ಮಾರುತ್ತಿದ್ದರು. ಅರಿಸಿನದ ಕೊಂಬನ್ನು ನಿಂಬೆರಸ, ಬಿಳಿಗಾರದಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಸೋಸುವುದು ಅಮ್ಮನ ಕೆಲಸ. ಅವಳ ಜೊತೆಗೆ ಕೂಲಿಗೆ ಬರುವ ಇಬ್ಬರು ಹೆಂಗಸರಿದ್ದರು. ಮೊದಮೊದಲು ಬರೀ ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದರು. ಆಮೇಲೆ ಸೀಗೆಪುಡಿಗೂ ಊದಿನಕಡ್ಡಿಗೂ ಬಣ್ಣದ ಚಿತ್ರ ಅಂಟಿಸಿ ಮಾರುವ ರೂಢಿ ಬಂತು. ನಮ್ಮ ಪೊಟ್ಟಣಕ್ಕೂ ಒಂದು ಮಾರ್ಕು ಬೇಕು ಎಂದು ಅಪ್ಪನಿಗೆ ಅನಿಸಿತು. ದೇವರ ಚಿತ್ರ ಬೇಡ, ಜನ ಪೊಟ್ಟಣ ಹರಿದು ಎಸೆಯುತ್ತಾರೆ, ಕಾಲಿಗೆ ಸಿಗುತ್ತದೆ ಎಂದು ಅಮ್ಮ ಹೇಳಿದಳು. ಹಾಗಾಗಿ ನನ್ನನ್ನು ಕೂರಿಸಿದರು.

ನನಗೆ ಆಗ ಹದಿನಾಲ್ಕು. ಫೋಟೋ ತೆಗೆಯುವವರು ನಮ್ಮ ಹಿತ್ತಲಿಗೇ ಬಂದು, ಗೋಡೆಗೆ ಜಮಖಾನ ಇಳಿಬಿಟ್ಟು, ಕರಿಬಟ್ಟೆಯೊಳಗೆ ತಲೆ ತೂರಿಸಿ, "ಉಸಿರು ಹಿಡ್ಕೊಳಮ್ಮ" ಅಂದರು. ಹಿಡಿದುಕೊಂಡೆ. ಆ ಫೋಟೋ ಮುಂಬಯಿಯ ಒಬ್ಬ ಏಜೆಂಟರ ಮೂಲಕ ಜರ್ಮನಿಗೆ ಹೋಗಿ, ಕೆಲವು ತಿಂಗಳ ಮೇಲೆ ಕಟ್ಟುಕಟ್ಟು ಬಣ್ಣದ ಚೀಟಿಗಳಾಗಿ ತಿರುಗಿ ಬಂತು. ನನ್ನ ಕಂದು ಸೀರೆ ಹಸಿರಾಗಿತ್ತು. ಮೂಗುತಿ ದೊಡ್ಡದಾಗಿತ್ತು. ಮೈಬಣ್ಣ ನಾಲ್ಕು ಪಟ್ಟು ತಿಳಿಯಾಗಿತ್ತು. ಕೈಮೇಲೆ ಒಂದು ಗಿಳಿ ಕೂತಿತ್ತು. ನಮ್ಮ ಮನೆಯಲ್ಲಿ ಗಿಳಿಯೇ ಇರಲಿಲ್ಲ. ಹಣೆಯ ಮೇಲೆ ಕಾಸಿನಗಲ ಕುಂಕುಮ.

"ಇದು ನಾನಲ್ಲ" ಅಂದೆ.

"ನೀನೇ. ಕಣ್ಣು ನೋಡು" ಅಂದರು ಅಪ್ಪ. ಅವರಿಗೆ ತುಂಬ ಸಂತೋಷವಾಗಿತ್ತು.

ಮರುವರ್ಷ ನನ್ನ ಮದುವೆಯಾಯಿತು. ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತರು. ಕಾರ್ಖಾನೆಯವರು ಕೊಟ್ಟ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ. ಎಡಗಡೆ ತೆಲುಗಿನವರು, ಬಲಗಡೆ ತಮಿಳಿನವರು. ಕುಲುಮೆಯ ಹೊಗೆ ಒಗೆದ ಬಟ್ಟೆಯ ಮೇಲೆ ಕೂರುತ್ತಿತ್ತು. ಸಂಬಳದ ವಾರ ಅವರು ನನ್ನನ್ನು ಸಂತೆಗೆ ಕರೆದುಕೊಂಡು ಹೋಗುತ್ತಿದ್ದರು. ಒಂದು ಸಲ ಕುಂಕುಮದ ಅಂಗಡಿಯ ಮುಂದೆ ನನ್ನನ್ನು ನಿಲ್ಲಿಸಿ, "ಸುಮ್ನೆ ನಿಂತು ನೋಡ್ತಿರು" ಅಂದರು. ಒಬ್ಬ ತಮಿಳು ಹೆಂಗಸು ಬಂದು "ಪೊಣ್ಣು ಕುಂಕುಮಂ" ಅಂದಳು. ಅಂಗಡಿಯವನು ನಮ್ಮ ಪೊಟ್ಟಣ ಕೊಟ್ಟ. ಆಮೇಲೆ ಬಂದವಳು ಕನ್ನಡದಲ್ಲಿ "ಹುಡುಗಿ ಕುಂಕುಮ" ಎಂದು ಕೇಳಿದಳು. ಇಬ್ಬರೂ ನನ್ನನ್ನು ತಳ್ಳಿಕೊಂಡೇ ಹೋದರು. ದಾರಿಯುದ್ದಕ್ಕೂ ನನ್ನವರು ನಗುತ್ತಾ ಬಂದರು. "ಇಷ್ಟು ಹೆಸರುವಾಸಿ ಹೆಂಡತೀನ ಕಟ್ಟಿಕೊಂಡು ನಾನು ಬದುಕೋದು ಹೆಂಗೆ ಮಾರಾಯ್ತಿ" ಅಂದರು.

ಒಂದೂವರೆ ವರ್ಷಕ್ಕೆ ಅವರು ವಿಷಮಶೀತ ಜ್ವರದಲ್ಲಿ ತೀರಿಕೊಂಡರು. ಇಪ್ಪತ್ತೊಂದು ದಿನ ಮಲಗಿದ್ದರು. ಆ ಇಪ್ಪತ್ತೊಂದು ದಿನ ಒಂದೊಂದೂ ನೆನಪಿದೆ, ಆಮೇಲಿನದು ಇಲ್ಲ. ಬಳೆ ತೆಗೆದದ್ದು, ಹಣೆ ಒರೆಸಿದ್ದು ಬೇರೆ ಯಾರಿಗೋ ಆದ ಹಾಗೆ. ನನಗೆ ಅಳು ಬರಲಿಲ್ಲ. ಅತ್ತೆಯ ಕಡೆಯವರು ಅದನ್ನು ಆಡಿಕೊಂಡರು ಎಂದು ಆಮೇಲೆ ತಿಳಿಯಿತು. ಅಪ್ಪ ಬಂದು ನನ್ನ ಟ್ರಂಕು ಎತ್ತಿಕೊಂಡರು, ನಾನು ಅವರ ಹಿಂದೆ ರೈಲು ಹತ್ತಿದೆ. ಶಿವಮೊಗ್ಗ ಬಂದಾಗ ಇಳಿದೆ.

ಮನೆಯಲ್ಲಿ ಏನಾದರೂ ಕೆಲಸ ಬೇಕಿತ್ತು. ಕುಂಕುಮ ಮುಟ್ಟುವ ಹಾಗಿರಲಿಲ್ಲ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನು ಬರುತ್ತಿದ್ದ ಹಾಗೆ ಅಮ್ಮ ತಟ್ಟೆಯನ್ನು ಆಚೆ ಸರಿಸುತ್ತಿದ್ದಳು, ಅಷ್ಟೆ. ಅದಕ್ಕೇ ಖಾಲಿ ಪೊಟ್ಟಣ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕಾಗದ ಕತ್ತರಿಸುವುದು, ಮಡಿಸುವುದು, ಗಂಜಿಯ ಅಂಟು ಹಚ್ಚುವುದು, ಮೇಲೆ ಚೀಟಿ ಇಟ್ಟು ಅಂಗೈಯಿಂದ ಒತ್ತುವುದು. ದಿನಕ್ಕೆ ಇನ್ನೂರು, ಮುನ್ನೂರು. ಒತ್ತುವಾಗ ಅಂಗೈ ಸರಿಯಾಗಿ ಮುಖದ ಮೇಲೆ ಬರುತ್ತಿತ್ತು. ಅದರಿಂದ ನನಗೆ ಏನಾದರೂ ಆಯಿತೇ ಎಂದು ಎಷ್ಟೋ ಜನ ಕೇಳಿದ್ದಾರೆ. ಆಗಲಿಲ್ಲ. ಅಂಟು ಹೆಚ್ಚಾದರೆ ಚೀಟಿ ಸುಕ್ಕಾಗುತ್ತದೆ, ಕಡಿಮೆಯಾದರೆ ಅಂಚು ಏಳುತ್ತದೆ. ನನ್ನ ಗಮನವೆಲ್ಲ ಅದರ ಮೇಲೇ ಇತ್ತು.

ಚಿತ್ರ ಬದಲಾಯಿಸುವ ಮಾತನ್ನು ಅಮ್ಮ ಒಂದೆರಡು ಸಲ ಎತ್ತಿದಳು. ನನಗೆ ಕೇಳಿಸುವುದಿಲ್ಲ ಅಂದುಕೊಂಡು ಎತ್ತಿದ್ದು. ಅಪ್ಪ "ನೋಡೋಣ" ಅಂದರು. ಅಷ್ಟರಲ್ಲಿ ಇನ್ನೊಂದು ತೊಂದರೆ ಬಂತು.

ಭದ್ರಾವತಿಯಲ್ಲಿ ನಮ್ಮ ಸರಕನ್ನು ಮಾರುತ್ತಿದ್ದ ಏಜೆಂಟ್ ಒಬ್ಬರಿದ್ದರು. ಅಪ್ಪನ ಹಳೆಯ ಸ್ನೇಹಿತರು, ನನ್ನ ಮದುವೆಯಲ್ಲಿ ಬಡಿಸಲು ನಿಂತವರು. ಒಂದು ತಿಂಗಳು ಅವರು ಸರಕು ತರಿಸಿಕೊಳ್ಳಲಿಲ್ಲ. ಮರುತಿಂಗಳೂ ಇಲ್ಲ. ಅಪ್ಪ ರೈಲಿನಲ್ಲಿ ಹೋಗಿ ನೋಡಿಕೊಂಡು ಬಂದು, ಜೇಬಿನಿಂದ ಆ ಏಜೆಂಟರೇ ಹೊಸದಾಗಿ ಮಾಡಿಸಿದ ಒಂದು ಪೊಟ್ಟಣ ತೆಗೆದು ಚಾಪೆಯ ಮೇಲಿಟ್ಟರು. ಅದರ ಮೇಲೂ ಹಸಿರು ಸೀರೆಯ ಹುಡುಗಿ. ನಮ್ಮ ಹುಡುಗಿ ಬಲಕ್ಕೆ ನೋಡಿದರೆ ಇವಳು ಎಡಕ್ಕೆ. ಗಿಳಿಯ ಬದಲು ತಾವರೆ. ಕಣ್ಣು ಮಾತ್ರ ಅದೇ. ಯಾರೋ ನಮ್ಮ ಚೀಟಿಯನ್ನೇ ಮುಂದಿಟ್ಟುಕೊಂಡು ಬರೆದಿದ್ದರು.

"'ಏನು ಮಾರಾಯ ಇದು' ಅಂತ ಕೇಳ್ದೆ," ಅಂದರು ಅಪ್ಪ. "ಅದಕ್ಕೆ ಅವನು, 'ಹುಡುಗಿಯರು ಲೋಕದಲ್ಲಿ ಎಷ್ಟಿಲ್ಲ ಯಜಮಾನ್ರೇ, ಎಲ್ಲಾ ನಿಮ್ಮೋರೇ ಏನು' ಅಂದ."

ಅಪ್ಪ ಪತ್ರಿಕೆಯಲ್ಲಿ ಎಚ್ಚರಿಕೆಯ ಪ್ರಕಟಣೆ ಹಾಕಿಸಿದರು. ಅದರಿಂದ ಏನೂ ಆಗಲಿಲ್ಲ. ಆಮೇಲೆ ವಕೀಲರನ್ನು ಹಿಡಿದರು.

ವಕೀಲರು ಹೊಸಮನೆ ಬಡಾವಣೆಯಿಂದ ಸೈಕಲ್ಲಿನಲ್ಲಿ ನಮ್ಮ ಮನೆಗೇ ಬರುತ್ತಿದ್ದರು. ಬರುವಾಗ ಇಂಗ್ಲೆಂಡಿನಲ್ಲಿ ಅಚ್ಚಾದ ಒಂದು ದಪ್ಪ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು. ಅವರಿಗೆ ವಿವರಿಸುವ ಹುಚ್ಚು. ಅವರು ಹಜಾರದಲ್ಲಿ ಕೂತು ಹೇಳುತ್ತಿದ್ದುದನ್ನು ನಾನು ಒಳಗಿನ ಕೋಣೆಯಲ್ಲಿ ಅಂಟು ಹಚ್ಚುತ್ತಾ ಕೇಳಿದ್ದೇನೆ. ಅದರಲ್ಲಿ ಎಷ್ಟೋ ಇವತ್ತಿಗೂ ನೆನಪಿದೆ.

"ನೋಡಿ ಯಜಮಾನ್ರೇ, ಯುರೋಪಿನಲ್ಲಿ ಒಂದೊಂದು ದೇಶದ್ದು ಒಂದೊಂದು ದಾರಿ. ಜರ್ಮನಿಯಲ್ಲಿ ಆಫೀಸಿಗೆ ಹೋಗಿ ಮೊದಲು ರಿಜಿಸ್ಟರ್ ಮಾಡಿಸಿದವನದು ಮಾರ್ಕು. ಫ್ರಾನ್ಸಿನಲ್ಲಿ ಮೊದಲು ಬಳಸಿದವನದು. ಇಂಗ್ಲೆಂಡಿನಲ್ಲಿ ರಿಜಿಸ್ಟರೂ ಇದೆ, ಅದಿಲ್ಲದೋರಿಗೆ ಇನ್ನೊಂದು ದಾರೀನೂ ಇದೆ. ತನ್ನ ಸರಕನ್ನ ಇನ್ನೊಬ್ಬನ ಸರಕು ಅಂತ ಯಾರೂ ದಾಟಿಸಬಾರದು. ನಾವು ಹಿಡಿಯೋದು ಆ ದಾರಿ."

"ಅವನು ನನ್ನ ಮಗಳ ಮುಖ ಕದ್ದಿದಾನೆ. ಅಷ್ಟು ಹೇಳಿದ್ರೆ ಸಾಲದಾ?"

"ಸಾಲದು. ಮುಖ ಯಾರದು ಅನ್ನೋದು ಕೋರ್ಟಿಗೆ ಬೇಕಿಲ್ಲ. ಆ ಮುಖ ನೋಡಿದ ಕೂಡಲೇ ಜನ ಇದು ಇಂಥ ಅಂಗಡಿ ಕುಂಕುಮ ಅಂತಾರಲ್ಲ, ಅದು ಬೇಕು. ಓದು ಬರಹ ಬಾರದ ಹೆಂಗಸು ಮೋಸ ಹೋಗ್ತಾಳಾ ಇಲ್ವಾ, ಅದು ಬೇಕು."

ಇನ್ನೊಂದು ದಿನ ಅವರು, ಇಂಗ್ಲೆಂಡಿನಲ್ಲಿ ಈಚೆಗೆ ಕಾನೂನು ತಿದ್ದಿದ್ದಾರೆ ಅಂದರು. ಮೊದಲು ಮಾರ್ಕನ್ನು ಯಾರಿಗಾದರೂ ಕೊಡಬೇಕೆಂದರೆ ಅಂಗಡಿ, ವ್ಯಾಪಾರ, ಎಲ್ಲದರ ಜೊತೆಗೇ ಕೊಡಬೇಕಿತ್ತು. ಈಗ ಮಾರ್ಕನ್ನೇ ಬೇರೆ ಮಾಡಿ ಮಾರಬಹುದಂತೆ.

ಅಪ್ಪ ಒಂದು ಪೊಟ್ಟಣ ಕೈಗೆತ್ತಿಕೊಂಡು ನೋಡಿದರು. "ಅಂದ್ರೆ ಮಗಳ ಮುಖಾನ ಮಾರಬಹುದು."

"ಮಗಳ ಮುಖ ಅನ್ನಬೇಡಿ. ಅಭ್ಯಾಸ ಮಾಡ್ಕೊಳ್ಳಿ. ಮಾರ್ಕು ಅನ್ನಿ."

ಅದಾದ ಮೇಲೆ ಅಪ್ಪ ಮನೆಯಲ್ಲೂ ಮಾರ್ಕು ಎಂದೇ ಹೇಳತೊಡಗಿದರು. "ಮಾರ್ಕು ಸ್ವಲ್ಪ ಓರೆಯಾಗಿದೆ ಪುಟ್ಟೀ" ಎಂದು ನಾನು ಅಂಟಿಸಿದ ಪೊಟ್ಟಣ ತೋರಿಸುತ್ತಿದ್ದರು. ನನಗೂ ಅದೇ ಅನುಕೂಲವಾಗಿತ್ತು.

ಚಿತ್ರ ತೆಗೆದುಬಿಡೋಣ ಎಂದು ಅಮ್ಮ ವಕೀಲರ ಎದುರಿಗೇ ಹೇಳಿದಳು. ಬಾಗಿಲ ಮರೆಯಲ್ಲಿ ನಿಂತು ಹೇಳಿದ್ದು. ದಾವೆ ನಡೆಯುವಾಗ ತೆಗೆದರೆ ನಾವೇ ಅದನ್ನು ಬಿಟ್ಟುಕೊಟ್ಟ ಹಾಗೆ, ಮುಗಿಯುವವರೆಗೆ ಒಂದು ಕೂದಲೂ ಬದಲಾಗಬಾರದು ಎಂದು ಅವರು ಅಂದರು. ಹಾಗಾಗಿ ಚಿತ್ರ ಉಳಿಯಿತು.

ಎದುರು ಪಕ್ಷದವರು ನನ್ನನ್ನೇ ಸಾಕ್ಷಿಗೆ ಕರೆಸುತ್ತಾರೆ ಎಂದು ಯಾರಿಗೂ ಹೊಳೆದಿರಲಿಲ್ಲ. ಸಮನ್ಸು ಬಂದ ದಿನ ಅಪ್ಪ ಊಟ ಬಿಟ್ಟು ಎದ್ದರು. ವಕೀಲರು ಬಂದು, ಹೋಗಲೇಬೇಕು, ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳಿ ಬರಲಿ ಅಂದರು. ಹೋದೆ. ಅಪ್ಪನ ಜೊತೆ ಜಟಕಾದಲ್ಲಿ ಹೋದೆ. ಸೆರಗನ್ನು ಹಣೆಯ ಮೇಲೆ ಎಳೆದುಕೊಂಡಿದ್ದೆ. ಕೋರ್ಟಿನಲ್ಲಿ ಫ್ಯಾನು ಕಿರುಗುಡುತ್ತಿತ್ತು. ಕಟಕಟೆಯ ಮರ ಜನರ ಕೈ ತಾಗಿ ತಾಗಿ ನುಣುಪಾಗಿತ್ತು.

ಎದುರು ವಕೀಲರು ನಮ್ಮ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟರು.

"ಈ ಚಿತ್ರ ಯಾರದ್ದಮ್ಮ?"

"ನನ್ನದು."

"ಸೆರಗು ಸ್ವಲ್ಪ ಹಿಂದಕ್ಕೆ ತಗೊಳ್ಳಿ. ಜಡ್ಜ್ ಸಾಹೇಬರು ನೋಡ್ಲಿ."

ತೆಗೆದೆ.

"ಚಿತ್ರದಲ್ಲಿ ಹಣೆಗೆ ಕುಂಕುಮ ಇದೆ. ನೀವು ಈಗ ಕುಂಕುಮ ಇಟ್ಕೋತೀರಾ?"

ನಮ್ಮ ವಕೀಲರು ಎದ್ದು ಏನೋ ಇಂಗ್ಲಿಷಿನಲ್ಲಿ ಹೇಳಿದರು. ಜಡ್ಜರೂ ಏನೋ ಹೇಳಿದರು. ಆಮೇಲೆ ನನ್ನ ಕಡೆ ನೋಡಿ, "ಹೇಳಿ ಅಮ್ಮ" ಅಂದರು.

"ಇಲ್ಲ," ಅಂದೆ.

"ಎಷ್ಟು ದಿನದಿಂದ?"

"ಎರಡು ವರ್ಷ ಆಗ್ತಾ ಬಂತು."

ಅವರಿಗೆ ಅಷ್ಟೇ ಬೇಕಿತ್ತು. ಅವರು ಜಡ್ಜರ ಕಡೆ ತಿರುಗಿ ವಾದ ಶುರುಮಾಡಿದರು. ಮುತ್ತೈದೆಯರು ಶುಭವೆಂದು ಕೊಳ್ಳುವ ವಸ್ತುವಿನ ಮೇಲೆ ವಿಧವೆಯ ಚಿತ್ರ ಹಾಕಿ, ಅವಳನ್ನು ಮುತ್ತೈದೆ ಎಂದು ತೋರಿಸಿ ಈ ವರ್ತಕರೇ ಜನರಿಗೆ ಮೋಸ ಮಾಡುತ್ತಿದ್ದಾರೆ. ತಾನೇ ಮೋಸ ಮಾಡುವ ಮಾರ್ಕನ್ನು ಕಾಪಾಡಿ ಎಂದು ಕೋರ್ಟಿಗೆ ಬರುವ ಹಕ್ಕು ಯಾರಿಗೂ ಇಲ್ಲ. ಇದು ಅವರ ವಾದ. ಅಪ್ಪ ಬೆಂಚಿನ ಮೇಲೆ ಕೂತಿದ್ದರು. ತಲೆ ಮೇಲೆತ್ತಲಿಲ್ಲ. ನಾನು ಪೊಟ್ಟಣ ತಿರುಗಿಸಿ ನೋಡಿದೆ. ಹಿಂದಿನ ಅಂಚು ಎದ್ದಿತ್ತು. ಅದು ನಾನು ಅಂಟಿಸಿದ್ದಲ್ಲ, ತುಂಬಿದ ಮೇಲೆ ಕೂಲಿ ಹೆಂಗಸು ಅಂಟಿಸಿದ್ದು ಎಂದು ಗೊತ್ತಾಯಿತು.

ನಮ್ಮ ವಕೀಲರು ಎದ್ದು ನನ್ನ ಹತ್ತಿರ ಬಂದರು.

"ಭದ್ರಾವತೀಲಿ ಇದ್ದಾಗ ಈ ಪೊಟ್ಟಣ ಕೊಳ್ಳೋರನ್ನ ನೋಡಿದ್ದೀರೇನಮ್ಮ?"

"ನೋಡಿದೀನಿ."

"ಏನಂತ ಕೇಳ್ತಿದ್ರು?"

"ಹುಡುಗಿ ಕುಂಕುಮ ಅಂತ. ತಮಿಳಿನೋರು ಪೊಣ್ಣು ಕುಂಕುಮಂ ಅಂತ."

"ನೀವು ಅಲ್ಲೇ ನಿಂತಿದ್ರಾ?"

"ಪಕ್ಕದಲ್ಲೇ ನಿಂತಿದ್ದೆ."

"ನೀವೇ ಆ ಹುಡುಗಿ ಅಂತ ಯಾರಾದ್ರೂ ಗುರುತು ಹಿಡಿದ್ರಾ?"

"ಇಲ್ಲ. ಯಾರೂ ನನ್ನ ಕಡೆ ನೋಡ್ಲಿಲ್ಲ."

"ನಿಮ್ಮ ಜೊತೆ ಯಾರಿದ್ರು?"

ನನ್ನವರೊಬ್ಬರೇ ಇದ್ದದ್ದು. ಅದನ್ನು ಹೇಳಲು ಬಾಯಿ ತೆರೆದೆ. ಪೊಟ್ಟಣದ ಎದ್ದ ಅಂಚನ್ನು ಬೆರಳಿನಿಂದ ಮತ್ತೆ ಮತ್ತೆ ಒತ್ತತೊಡಗಿದೆ. ಜಡ್ಜರು ಕೈಯೆತ್ತಿ, "ಸಾಕು, ಅದು ಬೇಡ" ಅಂದರು.

ತೀರ್ಪು ಬರಲು ಮಳೆಗಾಲ ಕಳೆಯಿತು. ನಾವು ಗೆದ್ದೆವು. ಜಡ್ಜರು ಬರೆದದ್ದನ್ನು ವಕೀಲರು ಕನ್ನಡದಲ್ಲಿ ಬಿಡಿಸಿ ಹೇಳಿದರು. ಮಾರ್ಕು ಈ ಸರಕು ಯಾರದು ಎನ್ನುವುದನ್ನು ಮಾತ್ರ ಹೇಳುತ್ತದೆ, ಚಿತ್ರದಲ್ಲಿರುವವರ ಬದುಕಿನ ವಿಷಯ ಏನನ್ನೂ ಹೇಳುವುದಿಲ್ಲ. ಕೊಳ್ಳುವ ಹೆಂಗಸರಿಗೆ ಆ ಹುಡುಗಿ ಯಾರೂ ಅಲ್ಲ. ಆದ್ದರಿಂದ ಅವಳಿಗೆ ಏನಾದರೂ ಆಗಿದ್ದರೆ ಅದರಿಂದ ಅವರಿಗೆ ಮೋಸವೂ ಇಲ್ಲ. "ನಿಮ್ಮ ಮಗಳ ಸಾಕ್ಷಿಯಿಂದಲೇ ಗೆದ್ದಿದ್ದು" ಎಂದು ಅವರು ಅಪ್ಪನ ಕೈ ಕುಲುಕಿದರು. ಅಪ್ಪ ನನ್ನ ಕಡೆ ನೋಡಿದರು. ನಾನು ಕಾಫಿ ತರಲು ಒಳಗೆ ಹೋದೆ.

ಆ ಏಜೆಂಟ್ ತಮ್ಮಲ್ಲಿ ಉಳಿದ ಚೀಟಿಗಳನ್ನೆಲ್ಲ ನಮಗೆ ಒಪ್ಪಿಸಬೇಕೆಂದು ಆದೇಶವಾಗಿತ್ತು. ಅವರು ತಾವೇ ಬಂದರು. ಎರಡು ಗೋಣಿಚೀಲ ಜಗುಲಿಯ ಮೇಲಿಳಿಸಿ, ಅಪ್ಪನ ಮುಖ ನೋಡದೆ ನಿಂತರು. ಅಮ್ಮ ನೀರು ಕೊಡಲಿಲ್ಲ. ನಾನು ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು, "ಕೋರ್ಟಿಗೆ ನಿನ್ನನ್ನ ಕರೆಸಿದ್ದು ನನ್ನ ಮನಸ್ಸಿಂದ ಅಲ್ಲಮ್ಮ, ವಕೀಲರು ಹೇಳಿದ್ದು" ಅಂದರು. "ಆಯ್ತು" ಅಂದೆ. ಆ ಚೀಟಿಗಳನ್ನು ಬಚ್ಚಲ ಒಲೆಗೆ ಹಾಕಿ ಮುಗಿಸಲು ನನಗೆ ಒಂಬತ್ತು ದಿನ ಬೇಕಾಯಿತು. ಬಣ್ಣದ ಕಾಗದ ಬೇಗ ಹತ್ತುವುದಿಲ್ಲ. ಹತ್ತಿದರೆ ಹಸಿರು ಉರಿ ಬರುತ್ತದೆ. ನೀರೇನೋ ಚೆನ್ನಾಗಿ ಕಾಯುತ್ತಿತ್ತು.

ಗೆದ್ದದ್ದೂ ಪೂರ್ತಿ ಗೆದ್ದ ಹಾಗಾಗಲಿಲ್ಲ. ಕೋರ್ಟಿನಲ್ಲಿ ನಡೆದ ಮಾತು ಪೇಟೆಗೆ ಬಂದಿತ್ತು. ಶಿವಮೊಗ್ಗದ ಹೆಂಗಸರು ನಮ್ಮ ಪೊಟ್ಟಣ ಮುಟ್ಟದೆ ಬಿಡಿ ಕುಂಕುಮ ಕೇಳತೊಡಗಿದರು. ಬಿಡಿಯೂ ಅದೇ ಒರಳಿನದು, ಅದೇ ಕೈಯದು. ಭದ್ರಾವತಿಗೂ ಹುಬ್ಬಳ್ಳಿಗೂ ಆ ಸುದ್ದಿ ಹೋಗಿರಲಿಲ್ಲ. ಅಲ್ಲಿ ಹುಡುಗಿ ಮೊದಲಿನ ಹಾಗೇ ನಡೆದಳು. ಅಮ್ಮನ ಬೆರಳುಗಳು ವಾತದಿಂದ ಸೊಟ್ಟಗಾದದ್ದು ಆ ಕಾಲದಲ್ಲೇ. ಒಂದು ದಿನ ಹುಬ್ಬಳ್ಳಿಯ ಸರಕು ರೈಲಿಗೆ ಹೋಗಬೇಕಿತ್ತು, ಕೂಲಿ ಹೆಂಗಸರು ಬಂದಿರಲಿಲ್ಲ. ನಾನೇ ತಟ್ಟೆ ಎಳೆದುಕೊಂಡು ತುಂಬಿದೆ. ಅಮ್ಮ ನೋಡಿದಳು. ತಟ್ಟೆ ಸರಿಸಲಿಲ್ಲ. ಮರುದಿನವೂ ನಾನೇ ತುಂಬಿದೆ.

ಆಮೇಲೆ ಯುದ್ಧ ಬಂತು. ಜರ್ಮನಿಯಿಂದ ಚೀಟಿ ಬರುವುದು ನಿಂತಿತು, ಇದ್ದದ್ದನ್ನು ಎಣಿಸಿ ಎಣಿಸಿ ಬಳಸಿದೆವು. ಬ್ರಿಟಿಷ್ ಸೀಮೆಯಲ್ಲಿ ಮಾರ್ಕಿಗೆ ಹೊಸ ಕಾನೂನು ಬಂದು, ರಿಜಿಸ್ಟರ್ ಮಾಡಿಸುವ ಆಫೀಸು ಮುಂಬಯಿಯಲ್ಲಿ ತೆರೆದಿದೆ ಎಂದು ವಕೀಲರು ಸುದ್ದಿ ತಂದರು. ಹುಬ್ಬಳ್ಳಿ ಆ ಸೀಮೆಯಲ್ಲೇ ಇದ್ದದ್ದರಿಂದ ನಾವೂ ಅರ್ಜಿ ಹಾಕಬಹುದಿತ್ತು. ಒಂದು ಸಲ ನಂಬರು ಸಿಕ್ಕರೆ ಇನ್ನು ಯಾರೂ ಕೋರ್ಟು ಹತ್ತಿ ಸಾಕ್ಷಿ ಹೇಳಬೇಕಾಗಿಲ್ಲ ಅಂದರು. ಅಪ್ಪ ಅರ್ಜಿ ಬರೆಸಿದರು.

ಒಂದು ಮಧ್ಯಾಹ್ನ ವಕೀಲರು ಆಫೀಸಿನ ಕಾಗದ ಹಿಡಿದುಕೊಂಡು ಬಂದರು. ಈ ಸಲ ಹಜಾರದಲ್ಲಿ ಕೂತು ಅಪ್ಪನನ್ನು ಕರೆಯಲಿಲ್ಲ, ನನ್ನನ್ನು ಕರೆದರು.

"ಮಾರ್ಕಿನಲ್ಲಿ ಬದುಕಿರೋರ ಚಿತ್ರ ಇದ್ರೆ ಅವರ ಒಪ್ಪಿಗೆ ಪತ್ರ ಬೇಕು ಅಂತ ಕೇಳಿದಾರಮ್ಮ. ಹೊಸ ನಿಯಮ. ನಾನೇ ಬರೆದು ತಂದಿದೀನಿ. ಒಂದು ಸಹಿ ಹಾಕಿಬಿಡಿ."

ಕಾಗದ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳಿ ಅಂದೆ. ಚಿತ್ರದಲ್ಲಿರುವವಳು ನಾನೇ, ಇದನ್ನು ಈ ಅಂಗಡಿಯವರು ಮಾರ್ಕಾಗಿ ಬಳಸಲು ನನ್ನ ಒಪ್ಪಿಗೆ ಇದೆ, ಇಷ್ಟೇ ಅದರಲ್ಲಿದ್ದದ್ದು. ಅಪ್ಪ ಶಾಯಿಯ ಕುಡಿಕೆ ತಂದು ಹತ್ತಿರ ಇಟ್ಟರು.

"ಒಪ್ಪಿಗೆ ಇಲ್ಲದಿದ್ರೆ?" ಅಂದೆ.

ಇಬ್ಬರೂ ನನ್ನ ಮುಖ ನೋಡಿದರು. ವಕೀಲರು ನಕ್ಕು, "ಇಲ್ಲದಿದ್ರೆ ಚಿತ್ರ ತೆಗೆದು ಬರೀ ಗಿಳೀನೋ, ಅಕ್ಷರಾನೋ ಇಟ್ಟು ಅರ್ಜಿ ಹಾಕಬೇಕಾಗ್ತದೆ. ಇಷ್ಟು ವರ್ಷದ ಹೆಸರು ಹೋಗ್ತದೆ" ಅಂದರು.

ನನಗೆ ಸಿಟ್ಟಿರಲಿಲ್ಲ. ಹಠವೂ ಇರಲಿಲ್ಲ. ಮದುವೆಯಾದಾಗಿನಿಂದ ಅಲ್ಲಿಯವರೆಗೆ ಯಾರೂ ನನ್ನನ್ನು ಏನನ್ನೂ ಹೀಗೆ, ಹೂಂ ಅನ್ನಬಹುದು ಊಹೂಂ ಅನ್ನಬಹುದು ಎಂಬ ಹಾಗೆ, ಕೇಳಿರಲಿಲ್ಲ. ಕೇಳಿದ್ದು ಯಾರೋ ಗೊತ್ತಿಲ್ಲದ, ಮುಂಬಯಿಯ ಆಫೀಸಿನವರು. ಲೇಖನಿ ಕೆಳಗಿಟ್ಟೆ.

"ಬೇಡ ಅಪ್ಪ" ಅಂದೆ.

ಅಪ್ಪ ಕಾರಣ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕುಡಿಕೆಯ ಮುಚ್ಚಳ ಹಾಕಿದರು. "ಆಯ್ತು. ಗಿಳಿ ಹಾಕೋಣ" ಅಂದರು. ವಕೀಲರು ಕಾಗದ ಮಡಿಸಿ ಪುಸ್ತಕದೊಳಗೆ ಇಟ್ಟುಕೊಂಡರು.

ಗಿಳಿಯ ಚೀಟಿ ಶಿವಮೊಗ್ಗದಲ್ಲೇ ಅಚ್ಚಾಯಿತು, ಒಂದೇ ಬಣ್ಣದಲ್ಲಿ, ಯುದ್ಧಕಾಲದ ಒರಟು ಕಾಗದದ ಮೇಲೆ. ಭದ್ರಾವತಿಯ ಹೆಂಗಸರು ಹುಡುಗಿ ಎಲ್ಲಿ ಎಂದು ಅಂಗಡಿಯಲ್ಲಿ ಕೇಳಿದರಂತೆ. ವ್ಯಾಪಾರ ಇಳಿಯಿತು, ಮುಚ್ಚುವಷ್ಟೇನೂ ಇಳಿಯಲಿಲ್ಲ. ಒಂದೆರಡು ವರ್ಷ ಕಳೆದ ಮೇಲೆ, ಆ ಹಳೆಯ ಏಜೆಂಟ್ ಮತ್ತೆ ಹಸಿರು ಸೀರೆಯ ಹುಡುಗಿಯನ್ನು ಅಚ್ಚು ಹಾಕಿಸಿದ್ದಾರೆ ಎಂದು ಸುದ್ದಿ ಬಂತು. ಅಪ್ಪ ವಕೀಲರ ಹತ್ತಿರ ಹೋದರು. ನೀವಾಗಿಯೇ ಬಳಸುವುದನ್ನು ಬಿಟ್ಟ ಮೇಲೆ ಹಿಡಿದು ನಿಲ್ಲಿಸುವುದು ಕಷ್ಟ, ಬಳಸದ ಮಾರ್ಕು ನಿಧಾನಕ್ಕೆ ಯಾರದೂ ಅಲ್ಲದ್ದಾಗುತ್ತದೆ, ಬೇಕಾದರೆ ಪ್ರಯತ್ನ ಮಾಡೋಣ ಎಂದು ಅವರು ಹೇಳಿದರಂತೆ. ಅಪ್ಪ ಬಂದು ನನ್ನ ಮುಂದೆ ಕೂತು, "ಏನು ಮಾಡೋಣ ಹೇಳು" ಅಂದರು.

"ಬಿಡಿ ಅಪ್ಪ" ಅಂದೆ.

ಬಿಟ್ಟರು. ನನ್ನ ಮುಖ ಇನ್ನೂ ಕೆಲವು ವರ್ಷ ಬೇರೆಯವರ ಕುಂಕುಮ ಮಾರಿತು. ಅದನ್ನು ಅವರು ಯಾವಾಗ ನಿಲ್ಲಿಸಿದರೋ ನನಗೆ ತಿಳಿಯದು. ಒಂದು ಸಲ ಸರಕಿನ ಲೆಕ್ಕ ನೋಡಲು ಭದ್ರಾವತಿಗೆ ಹೋದಾಗ ಅವರ ಪೊಟ್ಟಣದ ಮೇಲೆ ಸಿನಿಮಾ ನಟಿಯಂಥ ಬೇರೊಬ್ಬಳಿದ್ದಳು, ಬೈತಲೆಯನ್ನು ಓರೆಯಾಗಿ ತೆಗೆದವಳು. ಚಿತ್ರ ಚೆನ್ನಾಗಿತ್ತು. ನಮ್ಮ ಚೀಟಿಯ ಕಾಗದಕ್ಕಿಂತ ಅವರದು ಒಳ್ಳೆಯ ಕಾಗದ ಅನಿಸಿತು. ಎಲ್ಲಿ ಅಚ್ಚು ಹಾಕಿಸುತ್ತಾರೆ ಎಂದು ಅಂಗಡಿಯವನನ್ನು ಕೇಳಿ, ವಿಳಾಸ ಬರೆದುಕೊಂಡು, ಸಂಜೆಯ ರೈಲಿಗೆ ಶಿವಮೊಗ್ಗಕ್ಕೆ ಬಂದೆ.